ಹೆಸರಿನಿಂದ ಕುಲನಿರ್ಣಯವೆ?

ಶಾಂತಸಾಗರದ ಫಿಜಿ ದ್ವೀಪಗಳಲ್ಲಿ ‘ತೊತೊಕಿಯ’ ಎಂಬ ಮರದ ಗದೆಯೊಂದುಂಟು. ಬಾಗಿದ ಕಾವು, ತಲೆಯ ಸುತ್ತಲೂ ಸಾಲುಸಾಲಾಗಿ ಕೊರೆದ ಗುಬುಟುಗಳು, ತುದಿಯಲ್ಲಿ ಹಕ್ಕಿಯ ಕೊಕ್ಕಿನಂತಹ ಮೊನೆ. ಇವು ಅದರ ಲಕ್ಷಣ. ಹಳೆಯ ವಸ್ತುಗಳ ವ್ಯಾಪಾರಿಗಳು ಇದನ್ನು ‘ಅನಾನಸು ಗದೆ’ ಎನ್ನುವರು. ಬಲ್ಲವರೆನಿಸಿಕೊಂಡವರೂ ಆ ಮಾತನ್ನೇ ಒಪ್ಪಿಸುತ್ತಿರುವರು.

ಇದು ಯಾವ ನ್ಯಾಯ? ಅನಾನಸಿನ ಜನ್ಮಭೂಮಿ ದಕ್ಷಿಣ ಅಮೆರಿಕ. ಐರೋಪ್ಯರ ಹಡಗುಗಳು ಬರುವ ಮುನ್ನ ಫಿಜಿಯವರು ಅದನ್ನು ಕಂಡವರಲ್ಲ. ಗದೆಯು ಅನಾನಸಿನ ಅನುಕರಣವೆಂದರೆ, ಪರಕೀಯರ ಹಣ್ಣನ್ನು ನೋಡಿದ ಮೇಲೆಯೇ ಆ ಶಿಲ್ಪಿಗೆ ಬುದ್ಧಿ ಹುಟ್ಟಿತೆಂದು ಹೇಳಿದಂತಾಗಲಿಲ್ಲವೆ? ವಾಸ್ತವದಲ್ಲಿ ಆ ರೂಪವು ಕೇದಗೆಯ ಜಾತಿಯ ಗಿಡದ ಹಣ್ಣಿನದು. ನಮ್ಮ ಕರಾವಳಿಯ ಕೇದಗೆಯ ಮೆಳೆಗಳಲ್ಲಿ ಅಂತಹ ಹಣ್ಣನ್ನು ಕಂಡವರಿಗೆ ಹೋಲಿಕೆಯು ಕೂಡಲೇ ತಿಳಿದೀತು.

“ಹೆಸರು ಯಾವುದಾದರೇನು, ಫಿಜಿಯದೆಂದು ಗೊತ್ತಾದರೆ ಸಾಲದೆ?” ಎನ್ನುವವರುಂಟು. ಸಾಲದು. ಫಿಜಿ, ಟಾಂಗಾ, ಸಮೋವಾಗಳ ಜನರು ಪರಸ್ಪರ ಗದೆಗಳನ್ನು ಕೊಟ್ಟು ಕೊಂಡವರು; ಆದುದರಿಂದ ಆಕಾರವೊಂದೇ ಪ್ರಮಾಣವಾಗದು. ಮರದ ಜಾತಿ, ಕೆತ್ತನೆಯ ರೀತಿ, ಸಂಗ್ರಹಿಸಿದವರ ಬರೆಹ, ಎಲ್ಲಕ್ಕೂ ಮಿಗಿಲಾಗಿ ಮಾಡಿದವರಿಟ್ಟ ಹೆಸರು, ಇವೆಲ್ಲ ಕೂಡಿದರೆ ನಿರ್ಣಯ. 1875ರಿಂದ 1877ರವರೆಗೆ ಫಿಜಿಯಲ್ಲಿದ್ದು, ಮುಂದೆ 1883ರಲ್ಲಿ ಕೇಂಬ್ರಿಜ್ ವಸ್ತುಸಂಗ್ರಹಾಲಯದ ಪಾಲಕನಾದ ಫಾನ್ ಹ್ಯೂಗೆಲನು ವಸ್ತುಗಳೊಡನೆ ದಿನಚರಿಯನ್ನೂ ಬರೆದಿಟ್ಟನು. ಅಂತಹ ಒಂದು ಪುಟವು ವ್ಯಾಪಾರಿಯ ನೂರು ಚೀಟಿಗಳಿಗಿಂತ ಮೇಲು.

ಬರಿಯ ಸಾದೃಶ್ಯದಿಂದ ಕುಲವನ್ನು ಸಾಧಿಸುವುದು ಹೇತ್ವಾಭಾಸವೆಂದು ತರ್ಕದ ಮೊದಲ ಪಾಠವನ್ನೋದಿದ ವಟುವೂ ಬಲ್ಲನು. ಮಾಡಿದ ಕೈಯನ್ನು ಕೇಳದೆ ಮಾರಿದ ಬಾಯನ್ನು ನಂಬುವುದು ಪಾಂಡಿತ್ಯವಲ್ಲ.