ಒತ್ತಾಯದ ಉಪಚಾರ

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದವರು ಈಗ ನಮ್ಮ ಕುಟುಂಬಗಳಲ್ಲಿಯೂ ಇದ್ದಾರೆ. ಕ್ರಿಸ್ಮಸ್ ಊಟಕ್ಕೆ ಬಂದ ಅವರ ತಟ್ಟೆ ಕಂಡು, 'ಇಷ್ಟೇ ಸಾಕೇ?' ಎನ್ನುತ್ತ ಇನ್ನೊಂದು ಸಾನ್ನ ಬಡಿಸಿಬಿಡುತ್ತೇವೆ. ಆದರೆ 'ಸ್ಲೀವ್' ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನೇ ಕತ್ತರಿಸಿ ತೆಗೆದಿರುತ್ತಾರೆ. ತುತ್ತು ಮಿತಿಮೀರಿದರೆ ನೋವು, ವಾಂತಿ. ಜಠರದ ಬೈಪಾಸ್ ಆದವರಿಗಂತೂ ಕುಸ್ವಾರಿನ ಸಿಹಿಯೇ ಬೆವರು, ಎದೆಬಡಿತ, ಭೇದಿ ತರಬಲ್ಲದು. ಮೊದಲು ಮೀನು, ಮೊಟ್ಟೆ, ಅನ್ನ ಆಮೇಲೆ, ನೀರು ಊಟವಾಗಿ ಅರ್ಧ ಗಂಟೆಯ ಬಳಿಕ, ವಿಟಮಿನ್ ಮಾತ್ರೆ ಜೀವನಪರ್ಯಂತ. ಇದು ಅವರ ದಿನಚರಿ. ಹಟವಲ್ಲ, ಜಂಬವಂತೂ ಅಲ್ಲ. ಒತ್ತಾಯಿಸಿದವರಲ್ಲಿ ನಾವೂ ಇದ್ದೆವೆಂದು ಒಪ್ಪುತ್ತೇವೆ. ಈ ಸಲ ಬಡಿಸುವ ಸೌಟನ್ನು ಅವರ ಕೈಗೇ ಕೊಟ್ಟು, ಊರಿನ ಸಮಾಚಾರ ಕೇಳುವವರಿದ್ದೇವೆ.