ಲಾವಕ್ಕಿಯ ಸಾಕಣೆಯೂ ಗ್ರಾಮಮುಖ್ಯರ ಹೊಣೆಯೂ

ಕೋಳಿಸಾಕಣೆಯ ಜೊತೆಗೆ ಲಾವಕ್ಕಿಯ ಸಾಕಣೆಯ ಮಾತೂ ಈಚಿನ ವರ್ಷಗಳಲ್ಲಿ ಹಳ್ಳಿಗಳಲ್ಲಿ ಕೇಳಿಬರುತ್ತಿದೆ. ಹಿತ್ತಲಿನಲ್ಲಿ ನಾಲ್ಕು ಕಂಬ ನೆಟ್ಟು, ಸುತ್ತಲೂ ತಂತಿಜಾಲರಿ ಬಿಗಿದು, ಒಳಗೆ ಹತ್ತಿಪ್ಪತ್ತು ಹಕ್ಕಿಗಳನ್ನು ಬಿಟ್ಟರೆ ಆರೇಳು ವಾರಗಳಲ್ಲಿ ಮೊಟ್ಟೆ, ವರ್ಷ ತುಂಬುವುದರೊಳಗೆ ಐಶ್ವರ್ಯ ಎಂದು ಹೇಳುವವರು ಅನೇಕರುಂಟು. ಹಾಗೆ ಹೇಳುವವರಲ್ಲಿ ಮರಿ ಮಾರುವವರೇ ಹೆಚ್ಚೆಂಬುದನ್ನು ಕೇಳುವವರು ಮೊದಲು ಗಮನಿಸತಕ್ಕದ್ದು.

ಲಾವಕ್ಕಿಯ ಸಾಕಣೆಯು ನಿಂದಿಸತಕ್ಕ ಕಸುಬಲ್ಲ. ಕ್ರಮವರಿತು ನಡೆಸಿದಲ್ಲಿ ಅದು ಹಿಡುವಳಿದಾರನ ಮನೆಗೆ ಒಪ್ಪುವ ಚಿಕ್ಕ ಉಪಕಸುಬು. ಆದರೆ ಅದಕ್ಕೆ ಮೂರು ನಿಬಂಧನೆಗಳುಂಟು. ಹಕ್ಕಿಯು ಸಾಕುತಳಿಯದಾಗಿರಬೇಕೇ ಹೊರತು ಹೊಲದಲ್ಲಿ ಬಲೆಗೆ ಬಿದ್ದುದಾಗಿರಬಾರದು, ಹಕ್ಕಿಮನೆ ಭದ್ರವಾಗಿರಬೇಕು, ಲೆಕ್ಕವು ಪ್ರಾಮಾಣಿಕವಾಗಿರಬೇಕು. ಎರಡನೆಯದೂ ಮೂರನೆಯದೂ ತಪ್ಪಿದರೆ ಸಾಕಿದವನೊಬ್ಬನಿಗೆ ನಷ್ಟ. ಮೊದಲನೆಯದು ತಪ್ಪಿದರೆ ಊರಿಗೆಲ್ಲ ನಷ್ಟ, ಊರಿಗೆಲ್ಲ ಅಪಕೀರ್ತಿ. ಆದಕಾರಣ ಈ ವಿಷಯವು ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಆಲೋಚಿಸತಕ್ಕುದಾಗಿದೆ.

ಹಕ್ಕಿಯ ಗುರುತು

ಸಾಕಲು ಯೋಗ್ಯವಾದುದು ಜಪಾನೀ ಲಾವಕ್ಕಿ. ಜಪಾನಿನಲ್ಲಿ ಇದನ್ನು ಹಿಂದೆ ಕೂಗಿನ ಇಂಪಿಗಾಗಿ ಪಂಜರದಲ್ಲಿಟ್ಟು ಸಾಕುತ್ತಿದ್ದರು. 20ನೆಯ ಶತಮಾನದ ಆದಿಭಾಗದಿಂದ ಮೊಟ್ಟೆಗಾಗಿಯೂ ಮಾಂಸಕ್ಕಾಗಿಯೂ ತಳಿಯನ್ನು ಆರಿಸುತ್ತ ಬಂದರು. ಎರಡನೆಯ ಮಹಾಯುದ್ಧದಲ್ಲಿ ಆ ತಳಿಗಳು ಬಹುಮಟ್ಟಿಗೆ ನಾಶವಾಗಿ, ಉಳಿದ ಕೆಲವೇ ಹಕ್ಕಿಗಳಿಂದ ಸಂತತಿಯನ್ನು ಮತ್ತೆ ಬೆಳೆಸಬೇಕಾಯಿತು. ಭಾರತಕ್ಕೆ ಈ ಹಕ್ಕಿ ಬಂದುದು 1974ರಲ್ಲಿ, ಉತ್ತರ ಪ್ರದೇಶದ ಇಜ್ಜತ್‌ನಗರದ ಸಂಶೋಧನಾಲಯಕ್ಕೆ. ಪೇಟೆಯಲ್ಲಿ ಇದನ್ನು ಗೌಜಲಹಕ್ಕಿಯೆಂದು ಕೂಗಿ ಮಾರುವುದುಂಟು, ಅದು ತಪ್ಪು. ಗೌಜಲವು ಇದಕ್ಕಿಂತ ದೊಡ್ಡದಾದ ಬೇರೊಂದು ಕಾಡುಹಕ್ಕಿ.

ನಮ್ಮ ಹೊಲಗಳಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ಇರುವ ಲಾವಕ್ಕಿಗಳು ಬೇರೆ. ಮಳೆಗಾಲದಲ್ಲಿ ಕೂಗುವ ಮಳೆಲಾವಕ್ಕಿಯ ಗಂಡಿಗೆ ಎದೆಯ ಮೇಲೆ ಕಪ್ಪು ಮಚ್ಚೆಯಿರುತ್ತದೆ. ಬೇಲಿಯ ಬುಡದಲ್ಲಿ ಗುಂಪುಗೂಡಿ ಕುಳಿತಿದ್ದು, ಕಾಲು ತಗಲುವಷ್ಟು ಹತ್ತಿರ ಹೋದಾಗ ಒಮ್ಮೆಗೇ ಭರ್ರೆಂದು ಸಿಡಿದೇಳುವವು ಪೊದೆಲಾವಕ್ಕಿಗಳು. ಹಿಂದಿನ ಬೆರಳಿಲ್ಲದೆ ಮುಂದೆ ಮೂರೇ ಬೆರಳುಳ್ಳ ಇನ್ನೊಂದು ಚಿಕ್ಕ ಹಕ್ಕಿಯುಂಟು. ನೋಟಕ್ಕೆ ಲಾವಕ್ಕಿಯಂತಿದ್ದರೂ ಅದರ ಕುಲವೇ ಬೇರೆ. ಅದರಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ, ಗಂಡೇ ಕಾವು ಕುಳಿತು ಮರಿ ಮಾಡುತ್ತದೆ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಲಾವಕ್ಕಿಯಾದರೋ ಜಪಾನೀ ಜಾತಿಯನ್ನೇ ಹೋಲುವುದರಿಂದ ಅನುಭವಸ್ಥರ ಕಣ್ಣೂ ಮೋಸಹೋಗುವುದುಂಟು. ಆದುದರಿಂದ ಹಕ್ಕಿಯನ್ನು ರೂಪ ನೋಡಿ ಕೊಳ್ಳುವುದಕ್ಕಿಂತ, ಮರಿ ಮಾಡಿಸುವ ನಂಬಿಕೆಯ ಕೇಂದ್ರದಿಂದ ರಸೀತಿ ಪಡೆದು ಕೊಳ್ಳುವುದೇ ಕ್ಷೇಮ.

ಹೊಲದ ಲಾವಕ್ಕಿಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಅವನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಬೇಸಾಯಗಾರನ ಹಿತವೂ ಅದೇ ಕಡೆಗಿದೆ. ಈ ಹಕ್ಕಿಗಳು ಕಳೆಯ ಬೀಜಗಳನ್ನೂ ಗೆದ್ದಲನ್ನೂ ಹುಳುಹುಪ್ಪಟೆಗಳನ್ನೂ ಕೂಲಿಯಿಲ್ಲದೆ ಹೆಕ್ಕಿ ತಿನ್ನುತ್ತವೆ. ಕೊಯ್ಲಾದ ಹೊಲದಲ್ಲಿ ಅವು ಆಯ್ದುಕೊಳ್ಳುವ ಕಾಳು ಹೇಗೂ ಮಣ್ಣುಪಾಲಾಗತಕ್ಕ ಕಾಳು.

ಹಕ್ಕಿಮನೆ

ಹದಿನಾರು ಹಕ್ಕಿಗಳಿಗೆ 8 ಅಡಿ ಉದ್ದ, 6 ಅಡಿ ಅಗಲದ ಮನೆ ಸಾಕು. ಸ್ಥಳವು ನೀರು ನಿಲ್ಲದ ದಿಬ್ಬವಾಗಿರಬೇಕು. ಮೇಲ್ಭಾಗದಲ್ಲಿ ಮೂರನೆಯ ಒಂದು ಪಾಲಿಗೆ ಹೆಂಚನ್ನೋ ಹುಲ್ಲನ್ನೋ ಹೊದಿಸಿ, ಮುಂಗಾರಿನ ಎರಚಲು ಬೀಳುವ ದಿಕ್ಕಿಗೆ ತಟ್ಟಿ ಕಟ್ಟಬೇಕು. ಲಾವಕ್ಕಿಯು ಚಳಿಯನ್ನು ತಾಳುತ್ತದೆ, ಬಿಸಿಲನ್ನು ನೆರಳಿದ್ದರೆ ತಾಳುತ್ತದೆ. ಒದ್ದೆ ನೆಲವನ್ನು ಮಾತ್ರ ತಾಳಲಾರದು. ನೆಲಕ್ಕೆ ಮರಳು ಹರಡಿ, ಒಂದು ಮೂಲೆಯಲ್ಲಿ ಬೂದಿ ಬೆರೆಸಿದ ಒಣಮಣ್ಣನ್ನಿಟ್ಟರೆ ಹಕ್ಕಿಗಳು ಅದರಲ್ಲಿ ಹೊರಳಾಡಿ ಮೈಯ ಹೇನನ್ನು ಕಳೆದುಕೊಳ್ಳುತ್ತವೆ. ಅಡಗಿಕೊಳ್ಳುವುದಕ್ಕೆ ನಾಲ್ಕಾರು ಹುಲ್ಲಿನ ಬುಡಗಳನ್ನು ನೆಡುವುದು ಲೇಸು.

ಜಾಲರಿಯ ಕಣ್ಣು ಅರ್ಧ ಅಂಗುಲ ಮೀರಕೂಡದು. ಒಂದು ಅಂಗುಲದ ಕಣ್ಣಿನಲ್ಲಿ ಎಳೆಯ ಹಾವೂ ಇಲಿಯೂ ನುಗ್ಗುತ್ತವೆ. ಜಾಲರಿಯನ್ನು ನೆಲದ ಮಟ್ಟಕ್ಕೆ ನಿಲ್ಲಿಸದೆ ಒಂದೂವರೆ ಅಡಿ ಆಳಕ್ಕೆ ಹೂಳಿ, ಅಂಚನ್ನು ಹೊರಮುಖವಾಗಿ ಬಗ್ಗಿಸತಕ್ಕದ್ದು. ಹೆಗ್ಗಣ ಮತ್ತು ಮುಂಗುಸಿಗಳು ಗೋಡೆಯ ಬುಡದಲ್ಲಿಯೇ ತೋಡುವುದರಿಂದ ಅವು ಅಲ್ಲಿ ತಂತಿಗೆ ತಗಲಿ ಹಿಂದಿರುಗುತ್ತವೆ. ಒಂದೇ ಬಾಗಿಲಿದ್ದರೆ ನೀರಿಡಲು ಒಳಹೊಕ್ಕಾಗ ಹಕ್ಕಿ ಹಾರಿಹೋಗುವುದು ನಿಶ್ಚಯ. ಆದುದರಿಂದ ಒಂದರ ಹಿಂದೊಂದು ಎರಡು ಬಾಗಿಲಿರಬೇಕು.

ಮತ್ತೊಂದು ಎಚ್ಚರಿಕೆಯನ್ನು ಬಹಳ ಮಂದಿ ಮರೆಯುತ್ತಾರೆ. ಬೆದರಿದ ಲಾವಕ್ಕಿ ಓರೆಯಾಗಿ ಹಾರದೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಆಳೆತ್ತರದ ಮನೆಯಲ್ಲಿ ಹೀಗೆ ಚಿಮ್ಮಿದ ಹಕ್ಕಿಯು ತಂತಿಗೆ ತಲೆ ಬಡಿದು ನೆತ್ತಿಯೊಡೆದುಕೊಂಡು ಸಾಯುವುದುಂಟು. ಒಂದು ಬೆಕ್ಕು ರಾತ್ರಿ ಚಾವಣಿಯ ಮೇಲೆ ನಡೆದರೆ ಸಾಕು, ಬೆಳಗಾಗುವಾಗ ಮೂರು ನಾಲ್ಕು ಹಕ್ಕಿಗಳು ಸತ್ತಿರುತ್ತವೆ. ಚಾವಣಿಯ ತಂತಿಗೆ ಅರ್ಧ ಅಡಿ ಕೆಳಗೆ ಹಳೆಯ ಮೀನಿನ ಬಲೆಯನ್ನು ಸಡಿಲವಾಗಿ ಕಟ್ಟಿದರೆ ಈ ಅಪಾಯ ತಪ್ಪುತ್ತದೆ.

ಸಂತಾನವೃದ್ಧಿ ಮತ್ತು ಮರಿಗಳ ಪಾಲನೆ

ಮೂರು ವಾರ ತುಂಬಿದ ಮೇಲೆ ಗಂಡು ಹೆಣ್ಣುಗಳನ್ನು ಎದೆಯ ಗರಿಯಿಂದ ತಿಳಿಯಬಹುದು. ಗಂಡಿನ ಎದೆ ಚುಕ್ಕೆಯಿಲ್ಲದ ಕಾವಿಬಣ್ಣ. ಹೆಣ್ಣಿನದು ಮಾಸಲು ಬಣ್ಣದ ಮೇಲೆ ಕಪ್ಪು ಚುಕ್ಕೆ. ಮೂರು ಹೆಣ್ಣಿಗೆ ಒಂದು ಗಂಡು ಸರಿಯಾದ ಪ್ರಮಾಣ. ಗಂಡುಗಳು ಹೆಚ್ಚಾದರೆ ಹೆಣ್ಣುಗಳ ನೆತ್ತಿಯನ್ನು ಕುಕ್ಕಿ ಗಾಯಮಾಡುತ್ತವೆ, ತಮ್ಮೊಳಗೆ ಕಾದಾಡಿ ಕಣ್ಣು ಕಳೆದುಕೊಳ್ಳುತ್ತವೆ. ಮನೆಯನ್ನು ಒಳಗೆ ಜಾಲರಿಯಿಂದ ನಾಲ್ಕು ಅಂಕಣ ಮಾಡಿ, ಒಂದೊಂದು ಅಂಕಣಕ್ಕೆ ಒಂದೇ ಗಂಡನ್ನು ಬಿಡುವುದು ಉತ್ತಮ ಪಕ್ಷ.

ಆರೇಳು ವಾರಗಳಲ್ಲಿ ಮೊಟ್ಟೆ ಆರಂಭವಾಗುತ್ತದೆ. ಮೊಟ್ಟೆಯ ತೂಕ ಸುಮಾರು 10 ಗ್ರಾಂ. ಸಾಕುತಳಿಯ ಲಾವಕ್ಕಿ ಅನೇಕ ತಲೆಮಾರುಗಳಿಂದ ಕಾವು ಕೂರುವ ಬುದ್ಧಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಮೊಟ್ಟೆಯನ್ನು ಕಂಡಕಂಡಲ್ಲಿ ಇಟ್ಟು ಮರೆತುಬಿಡುತ್ತದೆ. ಆದುದರಿಂದ ಮರಿ ಬೇಕಾದವರಿಗೆ ಕಾವುಪೆಟ್ಟಿಗೆ ಅವಶ್ಯ. ಹಗುರಾದ ನಾಟಿಕೋಳಿಯ ಕೆಳಗಿಟ್ಟು ಮರಿ ಮಾಡಿಸಬಹುದಾದರೂ ತೆಳು ಚಿಪ್ಪಿನ ಮೊಟ್ಟೆಗಳು ಒಡೆಯುವ ಭಯವೂ ಕೋಳಿಯ ರೋಗ ಮರಿಗೆ ತಗಲುವ ಭಯವೂ ಉಂಟು. ಪೆಟ್ಟಿಗೆಯ ಶಾಖ 37.5 ಡಿಗ್ರಿ ಸೆಲ್ಷಿಯಸ್ ಇರಬೇಕು. ಮೊಟ್ಟೆ ಇಟ್ಟು ಒಂದು ವಾರ ಮೀರಿರಬಾರದು. ದಿನಕ್ಕೆ ಹಲವು ಬಾರಿ ಹೊರಳಿಸುತ್ತ ಬಂದು, 14ನೆಯ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿದರೆ 17 ಅಥವಾ 18ನೆಯ ದಿನ ಮರಿಗಳು ಹೊರಬರುತ್ತವೆ.

ಹೊರಬಂದ ಮರಿಯ ತೂಕ 6ರಿಂದ 8 ಗ್ರಾಂ. ಹೆಬ್ಬೆರಳಿನ ಮೊದಲ ಗೆಣ್ಣಿಗಿಂತ ದೊಡ್ಡದಲ್ಲ. ಮೊದಲ ವಾರ 35ರಿಂದ 37 ಡಿಗ್ರಿ ಶಾಖ ಕೊಟ್ಟು, ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ನಯವಾದ ಕಾಗದದ ಮೇಲೆ ಬಿಟ್ಟರೆ ಕಾಲು ಜಾರಿ ಅಗಲವಾಗಿ ಕುಂಟಾಗುತ್ತವೆ. ಗೋಣಿಯ ತಾಟು ಹಾಸುವುದು ಸರಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿರಬೇಕು. ಇಲ್ಲವಾದರೆ ಎರಡು ಬೆರಳು ನೀರಿನಲ್ಲಿಯೇ ಮುಳುಗಿ ಸಾಯುತ್ತವೆ. ಮರಿಗಳ ಆಹಾರದಲ್ಲಿ ನೂರಕ್ಕೆ 24ರಿಂದ 27ರಷ್ಟು ಪ್ರೋಟೀನು ಬೇಕಾದುದರಿಂದ ಬರಿಯ ನುಚ್ಚಿನಲ್ಲಿ ಅವು ಬೆಳೆಯವು. ಗರಿ ಪೂರ್ತಿ ಬರುವ ತನಕ, ಅಂದರೆ ನಾಲ್ಕು ವಾರ, ಅವನ್ನು ಹೊರಗಿನ ಹಕ್ಕಿಮನೆಗೆ ಬಿಡಕೂಡದು.

ತಳಿಯ ವಿಷಯದಲ್ಲಿ ಒಂದು ಮಾತು. ಒಡಹುಟ್ಟಿದವುಗಳನ್ನೇ ಕೂಡಿಸುತ್ತ ಹೋದರೆ ಲಾವಕ್ಕಿಯಷ್ಟು ಬೇಗ ಕ್ಷೀಣಿಸುವ ಸಾಕುಹಕ್ಕಿಗಳು ಕಡಿಮೆ. ಮೂರು ನಾಲ್ಕು ಪೀಳಿಗೆಗಳಲ್ಲಿ ಮೊಟ್ಟೆ ಬರಡಾಗುತ್ತದೆ, ಮರಿ ಚಿಪ್ಪಿನಲ್ಲಿಯೇ ಸಾಯುತ್ತದೆ. ಎರಡು ಊರುಗಳ ಸಾಕಣೆಗಾರರು ವರ್ಷಕ್ಕೊಮ್ಮೆ ಗಂಡುಗಳನ್ನು ಅದಲುಬದಲು ಮಾಡಿಕೊಂಡರೆ ಖರ್ಚಿಲ್ಲದೆ ಈ ದೋಷ ನಿವಾರಣೆಯಾಗುತ್ತದೆ. ಆದರೆ ಕೊಡುವ ಮೊದಲು ಎರಡು ಮನೆಗಳಲ್ಲಿಯೂ ರೋಗವಿಲ್ಲವೆಂದು ನಿಶ್ಚಯಿಸಿಕೊಳ್ಳಬೇಕು.

ಲೆಕ್ಕದ ಮಾತು

ವರ್ಷಕ್ಕೆ 250ರಿಂದ 280 ಮೊಟ್ಟೆ ಎಂಬುದು ದಿನಕ್ಕೆ 14ರಿಂದ 16 ಗಂಟೆ ಬೆಳಕು ಕೊಟ್ಟು ಸಾಕುವ ಕೊಟ್ಟಿಗೆಯ ಮಾತು. ಹೊರಾಂಗಣದ ಹಕ್ಕಿಮನೆಗೆ ಬೆಳಕು ಕೊಡುವವನು ಸೂರ್ಯನೊಬ್ಬನೇ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲೂ 13 ಗಂಟೆಗೆ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಅದು ಹನ್ನೊಂದೂವರೆ ಗಂಟೆಗಿಂತಲೂ ಕಡಿಮೆ. ಆದಕಾರಣ ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾಗುವುದು ಸ್ವಾಭಾವಿಕ. ಹಾಗೆ ವಿಶ್ರಾಂತಿ ಸಿಕ್ಕುವುದು ಹಕ್ಕಿಯ ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಲೆಕ್ಕದಲ್ಲಿ ಅದನ್ನು ಹಿಡಿಯಲೇಬೇಕು.

ಹನ್ನೆರಡು ಹೆಣ್ಣು, ನಾಲ್ಕು ಗಂಡು ಇವೆಯೆಂದು ಇಟ್ಟುಕೊಳ್ಳೋಣ. ಹಕ್ಕಿಗೆ ದಿನಕ್ಕೆ 25 ಗ್ರಾಂನಂತೆ ಆಹಾರ 400 ಗ್ರಾಂ, ತಿಂಗಳಿಗೆ 12 ಕಿಲೋ. ವರ್ಷದ ಸರಾಸರಿಯಲ್ಲಿ ದಿನಕ್ಕೆ ಏಳು ಮೊಟ್ಟೆ ದೊರೆತರೆ ಅವುಗಳ ತೂಕ 70 ಗ್ರಾಂ. ಕೋಳಿಮೊಟ್ಟೆಯೊಂದು 50 ಗ್ರಾಂಗಿಂತ ಹೆಚ್ಚು ತೂಗುತ್ತದೆ. ಅಂದರೆ ಹದಿನಾರು ಲಾವಕ್ಕಿಗಳು ತಿಂದು ಕೊಟ್ಟದ್ದು ಒಂದೂವರೆ ಕೋಳಿಮೊಟ್ಟೆಗೂ ಕಡಿಮೆ. ಮನೆಯವರಿಗೆ ಮೊಟ್ಟೆ ಮಾತ್ರ ಬೇಕಾಗಿದ್ದರೆ ಎರಡು ಒಳ್ಳೆಯ ಕೋಳಿಗಳು ಅದರ ಅರ್ಧದಷ್ಟು ಆಹಾರದಲ್ಲಿ ಅಷ್ಟನ್ನು ಕೊಡುತ್ತವೆ. ಹಕ್ಕಿಮನೆಯ ನಿಜವಾದ ಲಾಭ ಮರಿಗಳಲ್ಲಿದೆ, ಬೇಗ ಬೆಳೆಯುವ ಗುಣದಲ್ಲಿದೆ, ಚಿಕ್ಕ ಜಾಗದಲ್ಲಿದೆ. ಹತ್ತಿರದಲ್ಲಿ ಕೊಳ್ಳುವವರಿದ್ದರೆ ಈ ಕಸುಬು ಒಂದಷ್ಟು ಆದಾಯ ಕೊಟ್ಟೀತು. ಇಲ್ಲವಾದರೆ ಸಾಲ ತಂದು ಇದಕ್ಕೆ ಸುರಿಯುವುದು ಅವಿವೇಕ. ಹದಿನಾರು ಹಕ್ಕಿಗಳನ್ನು ಒಂದು ವರ್ಷ ಸಾಕಿ, ಖರ್ಚು ವೆಚ್ಚ ಬರೆದಿಟ್ಟು ನೋಡಿದ ಮೇಲಲ್ಲದೆ ನೂರು ಹಕ್ಕಿಗಳ ಮಾತೆತ್ತಬಾರದು.

ಲಾವಕ್ಕಿಯ ಮೊಟ್ಟೆ ದಮ್ಮನ್ನೂ ಸಕ್ಕರೆರೋಗವನ್ನೂ ವಾಸಿಮಾಡುತ್ತದೆಂಬ ಪ್ರಚಾರಕ್ಕೆ ಕಿವಿಗೊಡಬೇಕಾಗಿಲ್ಲ. ಚರಕಸಂಹಿತೆಯು ಲಾವಕದ ಮಾಂಸವನ್ನು ಪಥ್ಯವೆಂದು ಹೊಗಳಿರುವುದು ನಿಜ. ಪಥ್ಯವೆಂದರೆ ರೋಗಿಗೆ ಒಗ್ಗುವ ಆಹಾರ. ಅದು ಔಷಧಿಗೆ ಬದಲಲ್ಲ.

ರೋಗಭಯ

ಕೋಳಿಯನ್ನೂ ಲಾವಕ್ಕಿಯನ್ನೂ ಒಂದೇ ಮನೆಯಲ್ಲಿ ಇಡಕೂಡದು. ಕರುಳು ಹುಣ್ಣಾಗುವ ಲಾವಕ್ಕಿರೋಗವು ಹಿಕ್ಕೆಯಿಂದ ಹರಡುತ್ತದೆ. ಒದ್ದೆಯಾದ, ಕಿಕ್ಕಿರಿದ ಮನೆಗೆ ಅದು ಬೇಗ ಬರುತ್ತದೆ. ಹಕ್ಕಿಜ್ವರದ ಭಯವೂ ಇದೆ. ಭಾರತದಲ್ಲಿ ಅದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿತು. 2012ರಲ್ಲಿ ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿಯೂ ಕಾಣಿಸಿತು. ಕಾಗೆ ಗುಬ್ಬಿಗಳು ಕಾಳಿನ ತೊಟ್ಟಿಗೆ ಬಾಯಿಡದಂತೆ ಅದನ್ನು ಹೆಂಚಿನ ಮಾಡಿನ ಕೆಳಗೇ ಇಡಬೇಕು. ಒಂದೆರಡು ದಿನಗಳಲ್ಲಿ ಅನೇಕ ಹಕ್ಕಿಗಳು ಸತ್ತರೆ ಸತ್ತವನ್ನು ಮಾರದೆ, ತಿನ್ನದೆ, ಹಳ್ಳಕ್ಕೆಸೆಯದೆ, ಕೂಡಲೆ ಪಶುವೈದ್ಯಾಲಯಕ್ಕೆ ತಿಳಿಸತಕ್ಕದ್ದು. ನಷ್ಟವನ್ನು ಮುಚ್ಚಿಡುವವನು ನೆರೆಯವರ ಕೋಳಿಗಳನ್ನೂ ಮನೆಮಂದಿಯ ಪ್ರಾಣವನ್ನೂ ಪಣಕ್ಕಿಟ್ಟಂತೆ.

ಊರಿನ ಹಿರಿಯರ ಕರ್ತವ್ಯ

ಲಾವಕ್ಕಿಗೆ ಪೇಟೆಯಲ್ಲಿ ಬೆಲೆ ಬಂದೊಡನೆ ಬಲೆಗಾರನೂ ಎಚ್ಚರಗೊಳ್ಳುತ್ತಾನೆ. ಪಂಜರದಲ್ಲಿಟ್ಟ ಕೂಗುಹಕ್ಕಿಯಿಂದಲೋ ಮುದ್ರಿಸಿಕೊಂಡ ಕೂಗಿನಿಂದಲೋ ಹೊಲದ ಹಕ್ಕಿಗಳನ್ನು ಬಲೆಯತ್ತ ಸೆಳೆದು, ಸಾಕಿದ ಹಕ್ಕಿಗಳೆಂದು ಮಾರಿಬಿಡುವುದು ಅವನಿಗೆ ಕಷ್ಟವಲ್ಲ. ಮರಿ ಮಾಡಿಸಿ, ಶಾಖ ಕೊಟ್ಟು, ಆರು ವಾರ ಉಣ್ಣಿಸಿದ ಪ್ರಾಮಾಣಿಕ ಸಾಕಣೆಗಾರನು ಈ ಅಗ್ಗದ ಹಕ್ಕಿಯೆದುರು ನಿಲ್ಲಲಾರನು. ಕಳ್ಳತನದ ಬಲೆಯನ್ನು ಸಹಿಸುವ ಊರಿನಲ್ಲಿ ನ್ಯಾಯವಾದ ಹಕ್ಕಿಮನೆಗೂ ಉಳಿವಿಲ್ಲ. ಆದುದರಿಂದ ಹೊಲದ ಹಕ್ಕಿಯನ್ನು ಕಾಯುವುದು ಸಾಕಣೆಗಾರನ ಅನ್ನವನ್ನು ಕಾಯುವುದೂ ಆಗುತ್ತದೆ.

ಗ್ರಾಮದ ಮುಖ್ಯಸ್ಥರು ಮಾಡಬೇಕಾದುದು ಹೆಚ್ಚೇನೂ ಇಲ್ಲ. ಊರಿನಲ್ಲಿ ಲಾವಕ್ಕಿ ಸಾಕುವವರ ಪಟ್ಟಿಯನ್ನೂ ಮರಿ ಕೊಂಡ ರಸೀತಿಯನ್ನೂ ನೋಡಿಟ್ಟುಕೊಳ್ಳುವುದು. ಹೊಸದಾಗಿ ಆರಂಭಿಸುವವರನ್ನು ಮೊದಲು ಪಶುಸಂಗೋಪನೆ ಮತ್ತು ಅರಣ್ಯ ಇಲಾಖೆಗಳ ಕಚೇರಿಗಳಲ್ಲಿ ವಿಚಾರಿಸಿ ಬರುವಂತೆ ಹೇಳುವುದು. ಸಾಕಣೆಗಾರರ ಗಂಡುಹಕ್ಕಿಗಳ ವಿನಿಮಯಕ್ಕೆ ವರ್ಷದಲ್ಲಿ ಒಂದು ದಿನ ಗೊತ್ತುಮಾಡುವುದು. ರಾತ್ರಿ ದೀಪ ಬಲೆಗಳೊಡನೆ ಹೊಲಕ್ಕಿಳಿಯುವವರನ್ನು ತಡೆಯುವುದು. ಭೂಮಾಲೀಕರು ತಮ್ಮ ಬೇಲಿಯ ಬುಡದ ಹುಲ್ಲನ್ನೂ ಬದುವಿನ ಪೊದೆಯನ್ನೂ ಸುಡದೆ ಉಳಿಸಿದರೆ ಹೊಲದ ಲಾವಕ್ಕಿಗೆ ಗೂಡಿಗೆ ಎಡೆಯಾಗುತ್ತದೆ. ಸಾಕಿ ಬೇಸತ್ತವರು ಜಪಾನೀ ಹಕ್ಕಿಗಳನ್ನು ಪುಣ್ಯಕ್ಕೆಂದು ಹೊಲಕ್ಕೆ ಬಿಡುವುದನ್ನೂ ತಡೆಯಬೇಕು. ಯುರೋಪಿನಲ್ಲಿ ಹೀಗೆ ಬಿಟ್ಟ ಹಕ್ಕಿಗಳು ಅಲ್ಲಿನ ಕಾಡುಲಾವಕ್ಕಿಗಳೊಡನೆ ಬೆರೆತು ತಳಿಯನ್ನು ಕೆಡಿಸಿವೆ.

ಹಿತ್ತಲಿನ ಜಾಲರಿಯೊಳಗೆ ಸಾಕುಹಕ್ಕಿ ಮೊಟ್ಟೆಯಿಡುತ್ತಿರುವಾಗ ಅದೇ ಊರಿನ ರಾಗಿಹೊಲದಲ್ಲಿ ಮಳೆಲಾವಕ್ಕಿಯ ಕೂಗೂ ಕೇಳುತ್ತಿರಬೇಕು. ಎರಡೂ ಕೇಳುವ ಊರಿನಲ್ಲಿ ಈ ಕಸುಬು ನೆಟ್ಟಗೆ ನಡೆಯುತ್ತಿದೆಯೆಂದು ತಿಳಿಯಬಹುದು. ಹೊಲ ಮೌನವಾಗಿ ಹಕ್ಕಿಮನೆ ಮಾತ್ರ ತುಂಬಿದ್ದರೆ, ಆ ಹಕ್ಕಿಗಳು ಎಲ್ಲಿಂದ ಬಂದುವೆಂದು ಊರಿನ ಹಿರಿಯರು ವಿಚಾರಿಸತಕ್ಕದ್ದು.