ಗುಲಗಂಜಿ ಹುಳು: ಹೆಸರೊಂದು, ಗುಣವೆರಡು

ಕೆಂಪು ಬೆನ್ನಿನ ಮೇಲೆ ಕರಿಚುಕ್ಕೆಗಳನ್ನು ಹೊತ್ತ ಪುಟ್ಟ ದುಂಬಿಯನ್ನು ಕಂಡು ಅದಕ್ಕೆ ಗುಲಗಂಜಿ ಹುಳುವೆಂದು ಹೆಸರಿಟ್ಟ ಹಳ್ಳಿಗನಲ್ಲಿ ಕವಿಯ ಕಣ್ಣಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಒಂದು ಹೆಸರಿನಲ್ಲಿಯೇ ನಮ್ಮ ನುಡಿ ತೃಪ್ತಿಪಟ್ಟು ಕುಳಿತಿದೆ. ಶಿವಮೊಗ್ಗ, ಭದ್ರಾವತಿಗಳ ಹಿತ್ತಲುಗಳಲ್ಲಿಯೂ ಭದ್ರಾ ನಾಲೆಯ ಗದ್ದೆಗಳಲ್ಲಿಯೂ ಈ ಹೆಸರಿನಡಿ ಹಲವು ಜಾತಿಯ ಹುಳುಗಳು ಬಾಳುತ್ತವೆ. ಬಹುಪಾಲು ರೈತನ ಬಂಟರು. ಕೆಲವು ಅವನ ಬೆಳೆಗೇ ಬಾಯಿ ಹಾಕುವಂಥವು.

ಬದನೆಯ ಎಲೆಯನ್ನು ನೋಡಿ. ನರಗಳನ್ನು ಮಾತ್ರ ಉಳಿಸಿ ಹಸುರನ್ನೆಲ್ಲ ಕೆರೆದು ತಿಂದು ಎಲೆಯನ್ನು ಜರಡಿ ಮಾಡುವ ಹುಳು ಇಪ್ಪತ್ತೆಂಟು ಚುಕ್ಕೆಯದು. ಕೃಷಿ ಕೈಪಿಡಿಗಳು ಎಪಿಲಾಕ್ನ ದುಂಬಿ ಎನ್ನುವುದು ಇದನ್ನೇ. ಬೆನ್ನಿನ ಮೇಲೆ ನವುರಾದ ರೋಮವಿರುವುದರಿಂದ ಇದಕ್ಕೆ ಹೊಳಪಿಲ್ಲ. ಇದರ ಮರಿಯ ಮೈತುಂಬ ಕವಲೊಡೆದ ಮುಳ್ಳುಗಳು. ಅವರೆಯ ಕುಡಿಯಲ್ಲಿ ಸಸ್ಯಹೇನುಗಳ ನಡುವೆ ಓಡಾಡುವ ಇನ್ನೊಂದರ ಬೆನ್ನಾದರೋ ಎಣ್ಣೆ ಸವರಿದಂತೆ ಮಿನುಗುತ್ತದೆ. ಅದರ ಮರಿ ಮೊಸಳೆಯ ಆಕಾರದ, ಚುರುಕುಗಾಲಿನ ಬೇಟೆಗಾರ. ಚುಕ್ಕೆ ಎಣಿಸಿದರೆ ಸಾಲದು. ಲ್ಯಾಟಿನ್ನಿನಲ್ಲಿ ಆರು ಚುಕ್ಕೆಯದೆಂದು ಹೆಸರು ಪಡೆದ ಕೈಲೊಮೆನೀಸ್ ಸೆಕ್ಸ್‌ಮ್ಯಾಕುಲೇಟದ ಬೆನ್ನಿನಲ್ಲಿ ನಮಗೆ ಸಾಮಾನ್ಯವಾಗಿ ಕಾಣುವುದು ಅಂಕುಡೊಂಕಾದ ಕಪ್ಪು ಗೆರೆಗಳು! ಗದ್ದೆಯ ಜಿಗಿಹುಳುಗಳನ್ನು ತಿನ್ನುವ ಮೈಕ್ರಾಸ್ಪಿಸ್ಸಿನ ಕಿತ್ತಳೆ ಬೆನ್ನಿನಲ್ಲಿ ಚುಕ್ಕೆಯೇ ಇಲ್ಲ. ತೀರ ಹತ್ತಿರದ ಜಾತಿಗಳನ್ನು ಬೇರ್ಪಡಿಸಲು ವಿದ್ವಾಂಸರು ಗಂಡು ಹುಳುವಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕಾಗುತ್ತದೆ.

ಇದು ಪಂಡಿತರ ವಿನೋದವಲ್ಲ. ಕಾಫಿಯ ಹಸುರು ಶಲ್ಕಕೀಟವನ್ನು ಅಡಗಿಸಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಆ ಕೀಟವನ್ನು ಗೆಲ್ಲಲಿಲ್ಲ. ದಕ್ಷಿಣ ಭಾರತದ ತೋಟಗಳಲ್ಲಿ ನೆಲೆಯೂರಿ ಹಿಟ್ಟುತಿಗಣೆಯ ವೈರಿಯಾಯಿತು. ಅದರ ಮರಿ ಬಿಳಿಯ ಮೇಣವನ್ನು ಹೊದ್ದು, ತಾನು ತಿನ್ನುವ ಹಿಟ್ಟುತಿಗಣೆಯಂತೆಯೇ ತೋರುತ್ತದೆ. ಗುರುತು ತಿಳಿಯದ ಕೈ ಮೊದಲು ಹೊಸಕುವುದು ಅದನ್ನೇ.

ವಿದ್ವಾಂಸರ ಶ್ರಮಕ್ಕೆ ಕೊರತೆಯಿಲ್ಲ. 2002ರಲ್ಲಿ ಜೆ. ಪೂರಣಿಯವರು ಭಾರತ ಉಪಖಂಡದ ಜಾತಿಗಳ ಟಿಪ್ಪಣಿಸಹಿತ ಪಟ್ಟಿಯೊಂದನ್ನು ಪ್ರಕಟಿಸಿದರು. ಎಲೆ ತಿನ್ನುವ ಎಪಿಲಾಕ್ನದ ಬಳಗವನ್ನು ಅದರಿಂದ ಹೊರಗಿರಿಸಿದ್ದರು. ಶಾಸ್ತ್ರ ಹೀಗೆ ಬೇರೆಮಾಡಿ ನೋಡುವ ಎರಡು ಬಳಗಗಳ ಭೇದ ಔಷಧದ ಡಬ್ಬಿಯನ್ನು ಬೆನ್ನಿಗೇರಿಸಿದವನ ಆಡುಮಾತಿಗೆ ಇನ್ನೂ ಇಳಿದಿಲ್ಲ. ಅವನಿಗೆ ಎರಡೂ ಗುಲಗಂಜಿಯೇ. ಒಂದರ ತಪ್ಪಿಗೆ ಎರಡಕ್ಕೂ ಮರಣದಂಡನೆ.

ಆದಕಾರಣ ನನ್ನದೊಂದು ಸೂಚನೆ. 'ಶಿಸ್ತು' ಎಂಬ ಕಂದಾಯ ಪದ್ಧತಿಯಿಂದ ಹೆಸರಾದ, ನೆಲದ ಗುಣವನ್ನರಿತು ತೆರಿಗೆ ಕಟ್ಟಿದ ಕೆಳದಿಯ ಶಿವಪ್ಪನಾಯಕನ ನಾಮಧೇಯವನ್ನು ಈಗ ಹೊತ್ತಿರುವ, 2012ರಲ್ಲಿ ಸ್ಥಾಪಿತವಾದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಕೀಟಶಾಸ್ತ್ರದವರು ಊರೂರು ತಿರುಗಿ ಜಾತಿಗಳನ್ನು ಗುರುತಿಸುವಾಗ ಕನ್ನಡದ ವಿದ್ಯಾರ್ಥಿಗಳೂ ಜೊತೆಯಲ್ಲಿ ನಡೆದು, ರೈತರ ಬಾಯಲ್ಲಿರುವ ಹೆಸರುಗಳನ್ನು ಬರೆದುಕೊಳ್ಳಲಿ. ಇಲ್ಲದ ಕಡೆ ಹೊಸದನ್ನು ಕಟ್ಟಲಿ. ಆದರೆ ನಮ್ಮ ಪಾರಿಭಾಷಿಕ ಸಮಿತಿಗಳ ಚಾಳಿ ಇಲ್ಲಿ ಬೇಡ. 'ಅಷ್ಟಾವಿಂಶತಿಬಿಂದುಕ' ಎಂದು ಕರೆದರೆ ಹುಳುವೂ ಬೆದರೀತು. 'ಬದನೆ ಗುಲಗಂಜಿ', 'ಬೇಟೆ ಗುಲಗಂಜಿ' ಎಂದರೆ ಸಾಕು. ಅವರೆ ಹೂಬಿಡುವ ಕಾಲಕ್ಕೆ ಸಸ್ಯಹೇನು ಬರುತ್ತದೆ, ಅದರ ಬೆನ್ನಿಗೇ ಇವೂ ಬರುತ್ತವೆ. ಕೆಲಸವನ್ನು ಅಲ್ಲಿಂದ ತೊಡಗಬಹುದು.